ತೊಂದರೆ ಒಂದು ಕಂಪ್ಯೂಟರಿಗೋ, ಮನೆಗೆಲ್ಲವೋ? ವೈಫೈ ಕೈಕೊಟ್ಟಾಗ ನೋಡುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಿಗೆ ಫೈಬರ್ ಬಂದ ಮೇಲೆ ಒಂದೇ ರೂಟರಿಗೆ ಜೋತುಬಿದ್ದವರು ಹೆಚ್ಚಾಗಿದ್ದಾರೆ. ಬೆಂಗಳೂರಿನ ಕೆಲಸವನ್ನು ಊರಿಂದಲೇ ಮಾಡುವ ಮಗ, ಸೊಸೆಯ ಲ್ಯಾಪ್‌ಟಾಪ್, ಮಕ್ಕಳ ಪಾಲಿಗೆ ಬಂದ ಹಳೇ ಡೆಸ್ಕ್‌ಟಾಪ್, ಅಡಿಕೆ ಧಾರಣೆ ನೋಡುವ ಅಪ್ಪಯ್ಯನ ಮೊಬೈಲು, ಟಿವಿ. ನೆಟ್ ನಿಂತರೆ ಎಲ್ಲರಿಗೂ ಗೊತ್ತಿರುವುದು ಎರಡೇ ಮದ್ದು: ರೂಟರ್ ಆಫ್ ಮಾಡಿ ಆನ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಕೇಬಲ್‌ನವರಿಗೆ ಫೋನ್ ಮಾಡುವುದು. ಇವೆರಡಕ್ಕೂ ಮೊದಲು ಮನೆಯಲ್ಲಿರುವ ಎಲ್ಲ ಕಂಪ್ಯೂಟರ್, ಮೊಬೈಲುಗಳಲ್ಲಿ ಒಮ್ಮೆ ನೆಟ್ ನೋಡಿಬಿಡಿ. ತೊಂದರೆ ಒಂದಕ್ಕೋ, ಎಲ್ಲಕ್ಕೋ ಎಂಬುದು ಗೊತ್ತಾದರೆ ಅರ್ಧ ಹುಡುಕಾಟ ಮುಗಿಯಿತು.

ಯಾವುದರಲ್ಲೂ ನೆಟ್ ಇಲ್ಲ

ಫೈಬರ್ ಪೆಟ್ಟಿಗೆಯ ದೀಪ ನೋಡಿ. ಪಿಓಎನ್ ಎಂದು ಬರೆದದ್ದು ಮಿಟುಕದೆ ಹಸಿರಾಗಿ ಉರಿಯುತ್ತಿದ್ದರೆ ಮನೆಯವರೆಗಿನ ಲೈನ್ ಸರಿ ಇದೆ. ಎಲ್‌ಓಎಸ್ ದೀಪ ಕೆಂಪಾಗಿದ್ದರೆ ಬೆಳಕು ಪೆಟ್ಟಿಗೆಗೆ ಬರುತ್ತಿಲ್ಲ. ಜಡಿಮಳೆಯ ದಿನ ಎಲ್ಲೋ ಕೊಂಬೆ ಬಿದ್ದು ತಂತಿ ತುಂಡಾಗಿರಬಹುದು, ಆಗ ಎಷ್ಟು ಸಲ ಆಫ್ ಆನ್ ಮಾಡಿದರೂ ಅಷ್ಟೆ. ಆದರೂ ಪೆಟ್ಟಿಗೆಯ ಹಿಂದಿನ ಸಣ್ಣ ತಂತಿ ಕಿಟಕಿ ಸಂದಿಯಲ್ಲೋ ಬೀರುವಿನ ಹಿಂದೆಯೋ ಮಡಚಿಕೊಂಡಿದೆಯೇ ನೋಡಿ. ಒಳಗಿರುವುದು ಗಾಜಿನ ಎಳೆ. ಬಿಗಿಯಾಗಿ ಬಾಗಿದರೆ ಬೆಳಕು ಸೋರಿಹೋಗುತ್ತದೆ. ತುದಿಯನ್ನು ಕಿತ್ತು ಕಣ್ಣಿಗೆ ಹಿಡಿದು ನೋಡುವ ಸಾಹಸ ಮಾತ್ರ ಬೇಡ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್.

ಹಿಂದಿನ ಕೋಣೆಗೆ ಬರುವುದಿಲ್ಲ

ಹಳೇ ಮನೆಗಳಲ್ಲಿ ಹೆಚ್ಚು ಕೇಳುವ ದೂರು ಇದೇ. ರೂಟರನ್ನು ಮನೆಗೆ ಅನುಕೂಲವಾದ ಕಡೆಯಲ್ಲ, ಕೇಬಲ್‌ನವರಿಗೆ ಅನುಕೂಲವಾದ ಕಡೆ ಮೊಳೆ ಹೊಡೆದು ತೂಗಿಹಾಕಿರುತ್ತಾರೆ. ಅದು ಸಾಮಾನ್ಯವಾಗಿ ಜಗಲಿ. ಅಲ್ಲಿಂದ ಮೊಬೈಲ್ ಹಿಡಿದು ನಡುಮನೆ ದಾಟಿ ಅಡಿಗೆಮನೆಯತ್ತ ನಡೆಯಿರಿ. ಜಂಬಿಟ್ಟಿಗೆಯ ದಪ್ಪ ಗೋಡೆ ಒಂದನ್ನು ದಾಟುವಷ್ಟರಲ್ಲಿ ಸಿಗ್ನಲ್ ಗೆರೆ ಇಳಿಯುತ್ತದೆ, ಎರಡನೆಯದಕ್ಕೆ ಒಂದೇ ಗೆರೆ ಉಳಿಯುತ್ತದೆ. ನಡುವೆ ಕಬ್ಬಿಣದ ಬೀರುವೋ ಜಿಂಕ್ ಶೀಟೋ ಇದ್ದರೆ ಅದೂ ಇಲ್ಲ.

ರೂಟರಿನಲ್ಲಿ ಎರಡು ಬ್ಯಾಂಡ್ (ವೈಫೈ ಅಲೆಯ ಎರಡು ಬಗೆ) ಇದ್ದರೆ 2.4 ಗಿಗಾಹರ್ಟ್ಸ್‌ನದು ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಗಟ್ಟಿ. 5 ಗಿಗಾಹರ್ಟ್ಸ್‌ನದು ವೇಗ, ಗೋಡೆ ಕಂಡರೆ ಸುಸ್ತು. ಎರಡಕ್ಕೂ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಡಿ. ಹಿಂದಿನ ಕೋಣೆಯ ಕಂಪ್ಯೂಟರಿಗೆ ಮೊದಲನೆಯದು, ರೂಟರ್ ಇರುವ ಕೋಣೆಯಲ್ಲಿ ಕೂರುವವರಿಗೆ ಎರಡನೆಯದು. ಚಾನೆಲ್, ಅಂದರೆ ಬ್ಯಾಂಡಿನೊಳಗೆ ವೈಫೈ ಸಾಗುವ ಓಣಿ, ಬದಲಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಶಿವಮೊಗ್ಗದ ವಿನೋಬನಗರದಂಥ ಒತ್ತೊತ್ತಾದ ಬಡಾವಣೆಯಲ್ಲಿ 2.4 ಗಿಗಾಹರ್ಟ್ಸ್‌ನ ಚಾನೆಲ್ 1, 6, 11ರ ಪೈಕಿ ಖಾಲಿ ಇರುವುದನ್ನು ಆರಿಸಿದರೆ ಉಪಯೋಗವುಂಟು. ತೋಟದ ನಡುವಿನ ಒಂಟಿ ಮನೆಯಲ್ಲಿ ಪಕ್ಕದವರ ವೈಫೈ ಅಡ್ಡಬರುವುದೇ ಇಲ್ಲ, ಆ ಶ್ರಮ ಬಿಡಿ. ಅಲ್ಲಿ ಬೇಕಾದದ್ದು ರೂಟರನ್ನು ನಡುಮನೆಗೆ, ಎತ್ತರಕ್ಕೆ ತರುವುದು.

ಒಂದು ಕಂಪ್ಯೂಟರಿಗೆ ಮಾತ್ರ ಇಲ್ಲ

ಆ ಕಂಪ್ಯೂಟರಿನಲ್ಲಿ ಈ ನೆಟ್‌ವರ್ಕನ್ನು ಮರೆತುಬಿಡು ಎಂದು ಒತ್ತಿ, ಪಾಸ್‌ವರ್ಡ್ ಹೊಸದಾಗಿ ಹಾಕಿ. ಹಳೇ ಡೆಸ್ಕ್‌ಟಾಪ್ ಆದರೆ ತಾರೀಖು ನೋಡಿ. ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಅದು ವರ್ಷಗಟ್ಟಲೆ ಹಿಂದಕ್ಕೆ ಹೋಗಿ ಕೂರುತ್ತದೆ. ವೈಫೈ ಸಿಕ್ಕಿದೆ ಎನ್ನುತ್ತದೆ, ಆದರೆ ತಾರೀಖು ತಪ್ಪಿದ್ದರಿಂದ ಬ್ಯಾಂಕಿನಂಥ ಸುರಕ್ಷಿತ ಪುಟಗಳು ತೆರೆಯುವುದಿಲ್ಲ.

ಇನ್ನೊಂದು ಗುರುತು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿಗೆ ಸಿಗುವ ಸಂಖ್ಯೆ. ವೈಫೈ ಸೆಟ್ಟಿಂಗ್‌ನ ಪ್ರಾಪರ್ಟೀಸ್‌ನಲ್ಲಿ ಅದು 169.254 ಎಂದು ಶುರುವಾಗಿದ್ದರೆ ರೂಟರ್ ಅದಕ್ಕೆ ವಿಳಾಸ ಕೊಟ್ಟಿಲ್ಲ ಎಂದರ್ಥ. ಮರುಜೋಡಣೆಗೂ ಸರಿಹೋಗದಿದ್ದರೆ, ಯಾರೋ ಹಿಂದೆ ಕೈಯಾರೆ ಸ್ಥಿರ ಐಪಿ ಹಾಕಿಟ್ಟಿದ್ದಾರೆಯೇ ನೋಡಿ, ಆಟೊಮ್ಯಾಟಿಕ್‌ಗೆ ಬದಲಿಸಿ.

ಎರಡನೇ ರೂಟರ್ ಬಂದ ಮೇಲೆ ಗೊಂದಲ

ಬೆಂಗಳೂರಿಂದ ಬಂದ ಮಗ ಹಳೇ ರೂಟರ್ ಒಂದನ್ನು ತಂದು ಹಿಂದಿನ ಕೋಣೆಗೆ ಜೋಡಿಸುತ್ತಾನೆ. ಮರುದಿನದಿಂದ ಒಂದು ಲ್ಯಾಪ್‌ಟಾಪಿಗೆ ನೆಟ್ ಬಂದರೆ ಇನ್ನೊಂದಕ್ಕಿಲ್ಲ. ಸಂಜೆಗೆ ಅದೂ ಅದಲುಬದಲು. ಕಾರಣ ಸರಳ: ಎರಡೂ ರೂಟರ್‌ಗಳು ತಾವೇ ಯಜಮಾನರೆಂದು ವಿಳಾಸ ಹಂಚುತ್ತಿವೆ, ಎರಡರ ಸ್ವಂತ ವಿಳಾಸವೂ ಎಷ್ಟೋ ಸಲ 192.168.1.1. ಎರಡನೆಯದರ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಬಗೆ) ಇದ್ದರೆ ಅದನ್ನು ಆರಿಸಿ, ಅಷ್ಟೇ ಸಾಕು. ಇಲ್ಲವಾದರೆ ಅದರ ವಿಳಾಸವನ್ನು 192.168.1.2 ಮಾಡಿ, ವಿಳಾಸ ಹಂಚುವ ಡಿಎಚ್‌ಸಿಪಿ (DHCP) ಆಫ್ ಮಾಡಿ, ಮೊದಲನೆಯದರಿಂದ ಬಂದ ತಂತಿಯನ್ನು ಹೊರಗಿನ ಲೈನಿಗೆಂದಿರುವ ವ್ಯಾನ್ (WAN) ತೂತಿಗಲ್ಲ, ಮನೆಯ ಕಂಪ್ಯೂಟರುಗಳಿಗೆಂದಿರುವ ಲ್ಯಾನ್ (LAN) ತೂತಿಗೆ ಚುಚ್ಚಿ. ಒಂದು ಕಂಪ್ಯೂಟರಿನ ಪ್ರಿಂಟರ್ ಇನ್ನೊಂದಕ್ಕೆ ಕಾಣದಿರುವ ತೊಂದರೆಯೂ ಹೆಚ್ಚಾಗಿ ಇದರಿಂದಲೇ ತೀರುತ್ತದೆ. ಆಮೇಲೂ ಕಾಣದಿದ್ದರೆ ಎರಡರಲ್ಲೊಂದು ಗೆಸ್ಟ್ ವೈಫೈಗೆ (ನೆಂಟರಿಗೆಂದು ಬೇರೆಯಾಗಿಟ್ಟ ವೈಫೈ) ಸೇರಿದೆಯೇ, ವಿಂಡೋಸ್‌ನಲ್ಲಿ ಮನೆಯ ನೆಟ್‌ವರ್ಕ್ ಪಬ್ಲಿಕ್ ಎಂದಿದೆಯೇ ನೋಡಿ. ಪ್ರೈವೇಟ್ ಎಂದಿರಬೇಕು.

ಎಲ್ಲಕ್ಕೂ ನೆಟ್ ಇದೆ, ಆದರೆ ಮೀಟಿಂಗ್‌ನಲ್ಲಿ ಮಾತು ತುಂಡು ತುಂಡು ಎಂದಾದರೆ ಯಾವುದೋ ಒಂದು ಕಂಪ್ಯೂಟರ್ ಸದ್ದಿಲ್ಲದೆ ಮದುವೆ ಫೋಟೊಗಳನ್ನೆಲ್ಲ ಕ್ಲೌಡ್‌ಗೆ ಏರಿಸುತ್ತಿರಬಹುದು. ಒಂದೊಂದರ ವೈಫೈ ಆಫ್ ಮಾಡುತ್ತಾ ಬನ್ನಿ, ಮಾತು ಸರಿಹೋದ ಕಡೆ ಕಳ್ಳ ಸಿಕ್ಕ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಅಡಾಪ್ಟರ್ ಕಿತ್ತಿಡುವುದು ನಮ್ಮ ಕಡೆ ಎಲ್ಲರಿಗೂ ರೂಢಿ. ಲ್ಯಾನ್ ತಂತಿಯನ್ನು ಮಾತ್ರ ಮರೆಯುತ್ತಾರೆ. ಮನೆಯಿಂದ ಅಡಿಕೆ ಮನೆಗೋ ಔಟ್‌ಹೌಸಿಗೋ ಎಳೆದ ತಾಮ್ರದ ತಂತಿಯಿದ್ದರೆ ಸಿಡಿಲಿನ ಹೊಡೆತ ಅದರಲ್ಲೂ ಬಂದು ಎರಡೂ ತುದಿಯ ಯಂತ್ರಗಳನ್ನು ಸುಡಬಹುದು. ಅದನ್ನೂ ಎರಡು ಕಡೆ ಬಿಚ್ಚಿಡಿ.

ಇಷ್ಟಾದ ಮೇಲೂ ಫೋನ್ ಮಾಡಲೇಬೇಕಾಗಿ ಬಂದರೆ ನೆಟ್ ಇಲ್ಲ ಎಂದಷ್ಟೇ ಹೇಳಬೇಡಿ. ಯಾವ ದೀಪ ಯಾವ ಬಣ್ಣದಲ್ಲಿದೆ, ಎಷ್ಟು ಗಂಟೆಯಿಂದ, ಲ್ಯಾನ್ ತಂತಿ ಚುಚ್ಚಿ ನೋಡಿದಾಗಲೂ ಬರಲಿಲ್ಲವೇ ಎಂಬ ಮೂರನ್ನು ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಎಲ್‌ಓಎಸ್ ಕೆಂಪು ಎಂದು ಕೇಳಿದವರು ಮನೆಗೆ ಬಂದು ರೂಟರ್ ತಟ್ಟಿ ನೋಡುವ ಬದಲು ತಂತಿಯ ದಾರಿ ಹಿಡಿದು ಹುಡುಕುತ್ತಾರೆ.