ಗುಡವಿ ಕೆರೆಗೆ ಹಕ್ಕಿ ನೋಡೋಕೆ ಹೋಗೋದು ಹೇಗೆ

ಸೊರಬ ತಾಲೂಕಿನ ಗುಡವಿ ಪಕ್ಷಿಧಾಮಕ್ಕೆ ಬೇಸಿಗೆಲಿ ಹೋಗಿ ಏನೂ ಇಲ್ಲ ಅಂತ ಬೈಕೊಂಡು ಬರೋರು ಜಾಸ್ತಿ. ಮಳೆ ಹಿಡಿದು ಕೆರೆ ತುಂಬಿದ್ಮೇಲೆ ಹೋಗಿ, ಆಗ ಮರಗಳು ಅರ್ಧ ನೀರಲ್ಲೇ ನಿಂತಿರ್ತವೆ, ಸುತ್ತ ನೀರಿದ್ರೆ ಕಾಡುಬೆಕ್ಕು ಗಿಕ್ಕು ಗೂಡಿನ ಹತ್ರ ಬರೋದು ಕಷ್ಟ ಅಲ್ವಾ, ಅದಕ್ಕೇ ಹಕ್ಕಿಗಳು ಅಲ್ಲೇ ಸಂಸಾರ ಹೂಡೋದು.

ಬೆಳಿಗ್ಗೆ ಬೇಗ ಹೋಗಿ, ಬೈನಾಕ್ಯುಲರ್ ಇದ್ರೆ ತಗೊಳ್ಳಿ. ಕೆಂಪು ಹಳದಿ ಜರ್ಕಿನ್ ಬೇಡ, ಮಣ್ಣಿನ ಬಣ್ಣದ್ದು ಹಾಕಿ. ಉಂಬಳ (ಜಿಗಣೆ) ಹತ್ತುತ್ತೆ, ಸುಣ್ಣ ಇಲ್ಲಾ ಉಪ್ಪು ಜೇಬಲ್ಲಿರ್ಲಿ.

ಮೊದಲು ಐಬಿಸ್ ಹುಡುಕಿ, ಸುಲಭ: ಮೈಯೆಲ್ಲ ಬಿಳಿ, ತಲೆ ಕತ್ತು ಮಾತ್ರ ಪುಕ್ಕನೇ ಇಲ್ದೆ ಕಪ್ಪಗೆ, ಕೊಕ್ಕು ಕುಡುಗೋಲಿನ ಥರ ಕೆಳಕ್ಕೆ ಬಾಗಿರುತ್ತೆ. ಗೊಂದಲ ಆಗೋದು ಹಾವಕ್ಕಿ ಮತ್ತೆ ನೀರುಕಾಗೆಲಿ, ಎರಡೂ ಕಪ್ಪು, ಎರಡೂ ರೆಕ್ಕೆ ಬಿಚ್ಚಿ ಬಟ್ಟೆ ಒಣಹಾಕಿದ ಹಾಗೆ ಕೂತಿರ್ತವೆ. ಕೊಕ್ಕಿನ ತುದಿ ನೋಡಿ, ಕೊಕ್ಕೆ ಥರ ಬಗ್ಗಿದ್ರೆ ನೀರುಕಾಗೆ, ನೆಟ್ಟಗೆ ದಬ್ಬಳ ಥರ ಇದ್ರೆ ಹಾವಕ್ಕಿ. ಹಾವಕ್ಕಿ ಪುಕ್ಕ ನೀರು ಕುಡಿದು ಭಾರ ಆಗುತ್ತೆ, ಈಜುವಾಗ ಮೈಯೆಲ್ಲ ಮುಳುಗಿ ಕತ್ತು ಮಾತ್ರ ಮೇಲೆ. ನಾನು ಮೊದಲ ಸಲ ನೋಡಿ ಕೇರೆಹಾವು ಅಂತಲೇ ಕಿರುಚಿದ್ದೆ, ಪಕ್ಕದೋರೆಲ್ಲ ನಕ್ಕರು ಮಾರಾಯ್ರೆ!

ಮರಿ ಇರೋ ಟೈಮಲ್ಲಿ ಚಪ್ಪಾಳೆ, ಡ್ರೋನ್ ಎರಡೂ ಬೇಡ. ತಾಯಿ ಗಾಬರಿಯಾಗಿ ಎದ್ದುಹೋದ್ರೆ ಮರಿ ಮಳೆಗೆ ನೆನೆಯುತ್ತೆ, ಇಲ್ಲಾಂದ್ರೆ ಹದ್ದಿನ ಪಾಲು.