ಬೇಸಗೆಯಲ್ಲಿ ಕ್ಯಾಂಪಸ್ಸಿಗೆ ಹೊರಟ ಮಕ್ಕಳು: ಕರಾವಳಿಯಿಂದ ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಮಂಗಳೂರು, ಉಡುಪಿ ಕಡೆಯಿಂದ ಅಮೆರಿಕಕ್ಕೆ ಈಚೆಗೆ ಬಂದ ಮನೆಗಳಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ಚಳಿಗಾಲದಲ್ಲೇ ಬೇಸಗೆ ಕಾರ್ಯಕ್ರಮದ ಮಾತು ಶುರುವಾಗುತ್ತದೆ. ಜೂನ್ ಕೊನೆಯಿಂದ ಆಗಸ್ಟ್ ಒಳಗೆ ಕೆಲವು ವಾರ, ದೊಡ್ಡ ಪೇಟೆಯ ನಡುವಿನ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದು ಕೋಡಿಂಗೋ ಬಯಾಲಜಿಯೋ ಕಲಿಯುವುದು. ಊರಿನಿಂದ ಅಕ್ಕನ ಮಗಳನ್ನೂ ಕರೆಸಿ ಸೇರಿಸೋಣ ಎನ್ನುವವರಿದ್ದಾರೆ. ಅಂಥವರು ಹಣ ಕಟ್ಟುವ ಮೊದಲೇ ವೀಸಾ ವಿಚಾರಿಸಬೇಕು. ಬಿ-2 ಸಂದರ್ಶಕ ವೀಸಾದಲ್ಲಿ ಕ್ರೆಡಿಟ್ (ಪದವಿಗೆ ಲೆಕ್ಕಕ್ಕೆ ಬರುವ ಅಂಕ) ಸಿಗುವ ಕೋರ್ಸ್ ಮಾಡುವ ಹಾಗಿಲ್ಲ. ಯಾವ ವೀಸಾ ಬೇಕೆಂದು ಕಾರ್ಯಕ್ರಮದವರಿಂದ ಬರಹದಲ್ಲೇ ಪಡೆಯಿರಿ. ಜೊತೆಗೆ, ಊರಲ್ಲಿ ಜೂನ್ ಅಂದರೆ ಶಾಲೆ, ಪಿಯು ತರಗತಿ ಶುರುವಾದ ಕಾಲ. ಹಾಜರಾತಿ ಲೆಕ್ಕವನ್ನೂ ನೋಡಿಕೊಳ್ಳಿ.

ಊರಲ್ಲಿ ಮಗು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ತಪ್ಪು ಬಸ್ ಹತ್ತಿದರೆ ಕಂಡಕ್ಟರೇ ಇಳಿಸಿ ಸರಿಯಾದ ಬಸ್ ತೋರಿಸುತ್ತಾನೆ. ದಾರಿಯಲ್ಲಿ ಅಳುಮುಖ ಮಾಡಿ ನಿಂತರೆ ಅಂಗಡಿಯವರು "ನೀನು ಯಾರ ಮನೆಯವಳು ಮಾರಾಯ್ತಿ" ಎಂದು ಕೇಳಿಯೇ ಕೇಳುತ್ತಾರೆ. ಇಲ್ಲಿ ಹಾಗೆ ಯಾರೂ ತಾವಾಗಿ ಮೇಲೆ ಬಿದ್ದು ಕೇಳುವುದಿಲ್ಲ. ಸಹಾಯಕ್ಕೆ ತರಬೇತಾದ ಜನ, ಫೋನು, ವ್ಯವಸ್ಥೆ ಎಲ್ಲ ಇದೆ. ಮಗು ಬಾಯಿಬಿಟ್ಟು ಕರೆದರೆ ಮಾತ್ರ ಅದು ಓಡಿ ಬರುತ್ತದೆ. ದೊಡ್ಡವರಿಗೆ ತೊಂದರೆ ಕೊಡಬಾರದು ಎಂದು ಬೆಳೆಸಿದ ನಮ್ಮ ಮಕ್ಕಳಿಗೆ ಕಷ್ಟವಾಗುವುದು ಇದೇ. ಹಾಗಾಗಿ ತಯಾರಿಯ ಹೆಚ್ಚಿನ ಪಾಲು ಇಲ್ಲಿಗೇ ಹೋಗಬೇಕು.

ಸೇರಿಸುವ ಮೊದಲು

ಮೊದಲ ಪ್ರಶ್ನೆ, ಇದನ್ನು ನಡೆಸುವವರು ಯಾರು? ಹೆಸರಾಂತ ಕ್ಯಾಂಪಸ್ಸಿನ ಕಟ್ಟಡಗಳನ್ನು ಬೇಸಗೆಗೆ ಬಾಡಿಗೆಗೆ ಹಿಡಿದು ಖಾಸಗಿ ಕಂಪೆನಿಗಳು ನಡೆಸುವ ಕಾರ್ಯಕ್ರಮಗಳು ಬಹಳ ಇವೆ. ಕೆಟ್ಟದ್ದೇ ಎಂದಲ್ಲ, ಆದರೆ ಮಕ್ಕಳ ಹೊಣೆ ವಿಶ್ವವಿದ್ಯಾಲಯದ್ದೋ ಕಂಪೆನಿಯದ್ದೋ ಎಂಬುದು ಸ್ಪಷ್ಟವಾಗಬೇಕು. ರಾತ್ರಿ ಅದೇ ಮಹಡಿಯಲ್ಲಿ ಮಲಗುವ ಸಿಬ್ಬಂದಿ ಎಷ್ಟು ಜನ, ಅವರ ಹಿನ್ನೆಲೆ ತಪಾಸಣೆ ಆಗಿದೆಯೇ, ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ದೊಡ್ಡವರು ಒಂದೇ ಮಗುವಿನ ಜೊತೆ ಇರಬಾರದೆಂಬ ನಿಯಮ ಇದೆಯೇ, ರಾತ್ರಿ ಹಾಜರಿ ಎಷ್ಟು ಗಂಟೆಗೆ, ಹೊರಗೆ ಹೋಗುವಾಗ ಎಷ್ಟು ಜನ ಒಟ್ಟಿಗೆ ಹೋಗಬೇಕು ಎಂದು ಕೇಳಿ. ಇವಕ್ಕೆ ತಡವರಿಸುವ ಕಚೇರಿಯಾದರೆ ಬೇರೆ ಕಡೆ ನೋಡುವುದು ಒಳ್ಳೆಯದು.

1990ರ ಕ್ಲೆರಿ ಕಾಯ್ದೆಯ ಪ್ರಕಾರ ಸರಕಾರಿ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ಕಾಲೇಜೂ ವರ್ಷವರ್ಷ ಅಕ್ಟೋಬರ್ 1ರೊಳಗೆ ಸುರಕ್ಷತಾ ವರದಿ ಹೊರಡಿಸಬೇಕು. ಅದರಲ್ಲಿ ಮೂರು ವರ್ಷಗಳ ಅಪರಾಧದ ಅಂಕಿಅಂಶ ಇರುತ್ತದೆ. ಅದನ್ನು ಓದುವಾಗ ಒಂದು ವಿಷಯ ಗಮನದಲ್ಲಿರಲಿ: ದೂರು ಕೊಡುವುದು ಸುಲಭವಿರುವ ಕಡೆ ಸಂಖ್ಯೆ ಹೆಚ್ಚಾಗಿ ಕಾಣುವುದುಂಟು. ಸೊನ್ನೆ ಕಂಡ ಕೂಡಲೇ ಸುರಕ್ಷಿತ ಎಂದು ತೀರ್ಮಾನಿಸಬೇಡಿ. ಕ್ಯಾಂಪಸ್ಸಿನ ತುರ್ತು ಎಚ್ಚರಿಕೆಯ ಮೆಸೇಜ್ ಬೇಸಗೆಯ ಮಕ್ಕಳ ಮೊಬೈಲಿಗೂ ಬರುತ್ತದೆಯೇ ಎಂಬುದು ಇದಕ್ಕಿಂತ ಹೆಚ್ಚು ಉಪಯೋಗದ ಪ್ರಶ್ನೆ.

911ಕ್ಕೆ ಜಾಗ ಹೇಳುವುದು

ಊರಲ್ಲಿ ನಾವು ದಾರಿ ಹೇಳುವುದು "ಜ್ಯೋತಿ ಸರ್ಕಲಿನಿಂದ ಸ್ವಲ್ಪ ಮುಂದೆ, ಮೆಡಿಕಲ್ ಶಾಪಿನ ಎದುರು" ಎಂದು. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಇಲ್ಲಿಯ ತುರ್ತು ನಂಬರ್ ಆದ 911ರಲ್ಲಿ ಮೊದಲು ಕೇಳುವುದೇ ಜಾಗ, ಅಲ್ಲಿ ಈ ಪದ್ಧತಿ ಸಾಲದು. ಮೊಬೈಲಿನಿಂದ ಮಾಡಿದ ಕರೆಗೆ ಸ್ಥಳ ತಾನಾಗಿ ಗೊತ್ತಾಗುತ್ತದೆಂದು ನಂಬಿ ಕೂರಬಾರದು. ಎತ್ತರದ ಕಟ್ಟಡದಲ್ಲಿ ಎಷ್ಟನೇ ಮಹಡಿ ಎಂಬುದು ಸಿಗದೆ ಹೋಗಬಹುದು. ಮಗು ಹೇಳಬೇಕಾದ್ದು ಕಟ್ಟಡದ ಹೆಸರು, ರಸ್ತೆಯ ಹೆಸರು ಮತ್ತು ಸಂಖ್ಯೆ, ಮಹಡಿ, ಕೋಣೆ. ಬೀದಿಯಲ್ಲಿದ್ದರೆ ಹತ್ತಿರದ ಮೂಲೆಯಲ್ಲಿ ಸೇರುವ ಎರಡು ರಸ್ತೆಗಳ ಹೆಸರು ಸಾಕು. ಆಮೇಲೆ ಏನಾಗಿದೆ ಎಂದು ಹೇಳಲಿ. ಅವರು ಇಡಿ ಎನ್ನುವವರೆಗೆ ಫೋನ್ ಇಡಬಾರದು. ತಪ್ಪಿ ಕರೆ ಹೋದರೂ ಕಟ್ ಮಾಡದೆ "ತಪ್ಪಾಗಿ ಒತ್ತಿದೆ" ಎನ್ನಬೇಕು, ಇಲ್ಲವಾದರೆ ಅವರು ತಿರುಗಿ ಕರೆ ಮಾಡುತ್ತಾರೆ, ಪೊಲೀಸರನ್ನು ಕಳಿಸಲೂಬಹುದು.

ಮನೆಯಲ್ಲಿ ಕೂತು ಇದನ್ನು ಇಂಗ್ಲಿಷಿನಲ್ಲೇ ನಾಲ್ಕಾರು ಸಲ ಹೇಳಿಸಿ. ಸೇರಿಸಿದ ದಿನ ಕ್ಯಾಂಪಸ್ಸಿನಲ್ಲಿ ಮಗುವಿನ ಜೊತೆ ನಡೆದು ಬನ್ನಿ: ಹಾಸ್ಟೆಲಿನಿಂದ ಊಟದ ಹಾಲಿಗೆ, ಅಲ್ಲಿಂದ ತರಗತಿಗೆ. ಅನೇಕ ಕ್ಯಾಂಪಸ್ಸುಗಳಲ್ಲಿ ನೀಲಿ ದೀಪ ಹೊತ್ತ ಕಂಬಗಳಿರುತ್ತವೆ. ಅದರ ಗುಂಡಿ ಒತ್ತಿದರೆ ಕರೆ ನೇರವಾಗಿ ಕ್ಯಾಂಪಸ್ ಪೊಲೀಸರಿಗೋ ಭದ್ರತಾ ಕಚೇರಿಗೋ ಹೋಗುತ್ತದೆ. ಕತ್ತಲಾದ ಮೇಲೆ ಜೊತೆಗೆ ನಡೆದು ಬಂದು ಬಿಡುವ ಉಚಿತ ಸೇವೆಯೂ ಹಲವು ಕಡೆ ಇದೆ, ಅದರ ನಂಬರ್ ಇಸಿದುಕೊಳ್ಳಿ. ನಂಬರುಗಳನ್ನು ಕಾಗದದಲ್ಲೂ ಬರೆದು ಐಡಿ ಕಾರ್ಡಿನ ಹಿಂದೆ ಇಡಿ. ಚಾರ್ಜ್ ಮುಗಿದ ಫೋನಿನಲ್ಲಿರುವ ನಂಬರಿನಿಂದ ಏನೂ ಪ್ರಯೋಜನವಿಲ್ಲ. ಮನಸ್ಸು ತೀರಾ ಕುಗ್ಗಿದಾಗ ಮಾತಾಡಲು, ಮೆಸೇಜ್ ಮಾಡಲು 988 ಇದೆ. 2022ರಿಂದ ದೇಶದಾದ್ಯಂತ ಚಾಲ್ತಿಯಲ್ಲಿದೆ.

ರಸ್ತೆ

ಇಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ಊರಲ್ಲಿ ದಾಟುವಾಗ ಮೊದಲು ಬಲಕ್ಕೆ ತಿರುಗುವ ಕುತ್ತಿಗೆ ಇಲ್ಲಿಯೂ ಬಲಕ್ಕೇ ತಿರುಗುತ್ತದೆ, ಅಷ್ಟರಲ್ಲಿ ಕಾರು ಎಡದಿಂದ ಬಂದಾಗಿರುತ್ತದೆ. ಎಡ, ಬಲ, ಮತ್ತೆ ಎಡ ಎಂದು ಕಾಲುದಾರಿಯ ಅಂಚಿನಲ್ಲಿ ನಿಂತೇ ಅಭ್ಯಾಸ ಮಾಡಿಸಿ. ಇನ್ನೊಂದು ಅಪಾಯ ಊರಿನಿಂದ ಬಂದವರಿಗೆ ಹೊಳೆಯುವುದೇ ಇಲ್ಲ. ಬಹುತೇಕ ಕಡೆ ಕೆಂಪು ದೀಪವಿದ್ದರೂ ಕಾರು ನಿಂತು, ನೋಡಿ, ಬಲಕ್ಕೆ ತಿರುಗಬಹುದು. ಚಾಲಕನ ಕಣ್ಣು ಎಡದಿಂದ ಬರುವ ವಾಹನಗಳ ಮೇಲಿರುವುದರಿಂದ ಬಲಬದಿಯಲ್ಲಿ ದಾಟಲು ಇಳಿದ ಮಗು ಅವನಿಗೆ ಕಾಣುವುದಿಲ್ಲ. ನಡೆಯುವ ಚಿಹ್ನೆ ಬಂದರೂ ಚಾಲಕ ತನ್ನನ್ನು ನೋಡಿದ್ದಾನೆ ಎಂದು ಖಾತ್ರಿಯಾದ ಮೇಲೆಯೇ ಇಳಿಯಬೇಕು. ಸಿಗ್ನಲಿನಲ್ಲಿ ಮಿನುಗುವ ಕೈಯ ಚಿತ್ರ ಕಂಡರೆ ಹೊಸದಾಗಿ ದಾಟಲು ಶುರುಮಾಡಬಾರದು.

ಯಾರಾದರೂ ಬೆದರಿಸಿ ಫೋನ್ ಕೇಳಿದರೆ ಕೊಟ್ಟುಬಿಡಬೇಕು, ಹಿಂದೆ ಓಡಬಾರದು. ಮೊದಲೇ *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು (ಫೋನಿನ ಗುರುತಿನ ಸಂಖ್ಯೆ) ಮನೆಯಲ್ಲಿ ಬರೆದಿಡಿ. ಪಾಸ್‌ಪೋರ್ಟ್ ಕ್ಯಾಂಪಸ್ಸಿಗೆ ಒಯ್ಯುವುದು ಬೇಡ, ಪ್ರತಿ ಸಾಕು. ಆದರೆ ಮಗುವಿಗೆ 18 ತುಂಬಿದ್ದರೆ, ಪೌರತ್ವವಿಲ್ಲದವರು ತಮ್ಮ ನೋಂದಣಿ ದಾಖಲೆಯನ್ನು (ಗ್ರೀನ್ ಕಾರ್ಡ್ ಅಥವಾ ದೇಶ ಪ್ರವೇಶದ ಐ-94ನಂಥದ್ದು) ಜೊತೆಯಲ್ಲೇ ಇಟ್ಟುಕೊಳ್ಳಬೇಕೆಂಬ ಕಾನೂನು ಅನ್ವಯಿಸುತ್ತದೆ.

ಬಾಗಿಲು, ಬೆಂಕಿ

ಹಿಂದೆ ಬರುವವರಿಗೆ ಬಾಗಿಲು ಹಿಡಿದು ನಿಲ್ಲುವುದು ಮರ್ಯಾದೆ ಎಂದು ಇಲ್ಲಿಯ ಮಕ್ಕಳೂ ಕಲಿತಿರುತ್ತಾರೆ. ಹಾಸ್ಟೆಲಿನ ಹೊರಬಾಗಿಲಲ್ಲಿ ಮಾತ್ರ ಅದು ಬೇಡ. ಕಾರ್ಡ್ ಇಲ್ಲದವರು ಒಳಗೆ ನುಗ್ಗುವುದು ಹೀಗೆಯೇ. "ನಿಮ್ಮ ಕಾರ್ಡ್ ಬಳಸಿ, ಕ್ಷಮಿಸಿ" ಎಂದರೆ ಯಾರೂ ಬೇಸರಿಸುವುದಿಲ್ಲ. ಕೋಣೆಯ ಬಾಗಿಲಿಗೆ ಚೀಲ ಅಡ್ಡ ಇಟ್ಟು ಸ್ನಾನಕ್ಕೆ ಹೋಗುವ ಅಭ್ಯಾಸವೂ ಬೇಡ.

ಊದುಬತ್ತಿ, ದೀಪ, ನೀರು ಕಾಯಿಸುವ ಕಾಯಿಲ್, ರೈಸ್ ಕುಕ್ಕರ್ ಇವಕ್ಕೆ ಬಹುತೇಕ ಹಾಸ್ಟೆಲುಗಳಲ್ಲಿ ನಿಷೇಧ. ಊದುಬತ್ತಿಯ ಹೊಗೆಗೇ ಅಲಾರ್ಮ್ ಹೊಡೆದು ಇಡೀ ಕಟ್ಟಡ ಬೀದಿಗೆ ಬರಬಹುದು. ಚಾವಣಿಯ ಸ್ಪ್ರಿಂಕ್ಲರಿಗೆ ಬಟ್ಟೆ ತೂಗುಹಾಕಬಾರದು: ಅದರೊಳಗಿನ ಪುಟ್ಟ ಗಾಜಿನ ಕೊಳವೆ ಒಡೆದರೆ ನೀರು ರಭಸದಿಂದ ಸುರಿದು ಕೆಳಗಿನ ಮಹಡಿಗೂ ಇಳಿಯುತ್ತದೆ. ಅಲಾರ್ಮ್ ಕೇಳಿದರೆ ಸುಳ್ಳು ಎನಿಸಿದರೂ ಚಪ್ಪಲಿ, ಫೋನ್, ಕಾರ್ಡ್ ಹಿಡಿದು ಮೆಟ್ಟಿಲಿನಿಂದ ಇಳಿಯಬೇಕು, ಲಿಫ್ಟ್ ಬೇಡ.

ಮದ್ದು

ಇದರಲ್ಲಿ ಎಡವುವವರೇ ಹೆಚ್ಚು. ಊರಿನಿಂದ ತಂದ ಮಾತ್ರೆಗಳ ಡಬ್ಬಿಯನ್ನು ಚೀಲದಲ್ಲಿ ಹಾಕಿ ಕಳಿಸಬೇಡಿ. ಕಾರ್ಯಕ್ರಮದವರು ಸಾಮಾನ್ಯವಾಗಿ ಫಾರ್ಮಸಿಯ ಮೂಲ ಡಬ್ಬಿ, ಮಗುವಿನ ಹೆಸರಿನ ಲೇಬಲ್ ಮತ್ತು ಸಹಿ ಮಾಡಿದ ಫಾರ್ಮ್ ಇದ್ದರೆ ಮಾತ್ರ ಮದ್ದು ಕೊಡಲು ಒಪ್ಪುತ್ತಾರೆ. ಕತ್ತರಿಸಿದ ಸ್ಟ್ರಿಪ್ಪು, ಕಷಾಯದ ಪುಡಿ ಕಂಡರೆ ತೆಗೆದಿಡುತ್ತಾರೆ.

ಹೆಸರುಗಳೂ ಬೇರೆ. ನಮ್ಮ ಪ್ಯಾರಸಿಟಮಾಲ್ ಇಲ್ಲಿ ಅಸೆಟಮಿನೋಫೆನ್. ಡೋಲೋ, ಕ್ರೋಸಿನ್, ಟೈಲೆನಾಲ್ ಮೂರರಲ್ಲೂ ಇರುವುದು ಅದೇ. ಚೀಲದಲ್ಲಿದ್ದ ಡೋಲೋ 650 ನುಂಗಿ, ಮೇಲೆ ಟೈಲೆನಾಲ್ ತಿಂದು, ರಾತ್ರಿ ಅದೇ ಬೆರೆತ ಶೀತದ ಸಿರಪ್ ಕುಡಿದರೆ ಅದೇ ಮದ್ದು ಮೂರು ಸಲ ಒಳಗೆ ಹೋದಂತೆ. ದೊಡ್ಡವರಿಗೂ ದಿನಕ್ಕೆ 4,000 ಮಿಲಿಗ್ರಾಂ ಗರಿಷ್ಠ ಮಿತಿ. ದಾಟಿದರೆ ಪಿತ್ತಜನಕಾಂಗಕ್ಕೆ ಪೆಟ್ಟು. ಮಕ್ಕಳಿಗೆ ತೂಕ ನೋಡಿ ಇನ್ನೂ ಕಡಿಮೆ. ಉಬ್ಬಸದ ಸಾಲ್ಬುಟಮಾಲ್ ಇಲ್ಲಿ ಆಲ್ಬುಟೆರಾಲ್. ಅಡ್ರಿನಲಿನ್ ಎಂದರೆ ಎಪಿನೆಫ್ರಿನ್. ಫಾರ್ಮಿನಲ್ಲಿ ಎರಡೂ ಹೆಸರು ಬರೆಯಿರಿ. ಉಬ್ಬಸದ ಪಂಪ್, ಅಲರ್ಜಿಯ ಇಂಜೆಕ್ಷನ್ ಪೆನ್ ಕಚೇರಿಯ ಕಪಾಟಿನಲ್ಲಲ್ಲ, ಮಗುವಿನ ಕೈಚೀಲದಲ್ಲೇ ಇರುವಂತೆ ಬರಹದಲ್ಲಿ ಅನುಮತಿ ಪಡೆಯಿರಿ. ಮದ್ದು ಹೆಚ್ಚಾಗಿ ನುಂಗಿದ ಅನುಮಾನ ಬಂದರೆ ವಿಷ ನಿಯಂತ್ರಣ ಕೇಂದ್ರದ ನಂಬರ್ 1-800-222-1222. ಮಗು ಎಚ್ಚರ ತಪ್ಪಿದರೆ, ಉಸಿರಾಟ ಕಷ್ಟವಾದರೆ 911ಕ್ಕೇ.

18 ತುಂಬದ ಮಕ್ಕಳಿಗೆ ಚಿಕಿತ್ಸೆ ಕೊಡಲು ಸಾಮಾನ್ಯವಾಗಿ ತಂದೆತಾಯಿಯ ಸಹಿ ಬೇಕು. ಆ ಫಾರ್ಮ್ ಮತ್ತು ವಿಮಾ ಕಾರ್ಡಿನ ಎರಡೂ ಬದಿಯ ಪ್ರತಿ ಮೊದಲೇ ಕೊಟ್ಟಿಡಿ. ಪ್ರಾಣಾಪಾಯವಿದ್ದಾಗ ಸಹಿಗೆ ಕಾಯುವುದಿಲ್ಲ. 1986ರ ಕಾಯ್ದೆಯಂತೆ ಮೆಡಿಕೇರ್ ಎಂಬ ಸರಕಾರಿ ವಿಮೆಯ ಒಪ್ಪಂದವಿರುವ ಆಸ್ಪತ್ರೆಗಳ ತುರ್ತು ವಿಭಾಗ ದುಡ್ಡು, ವಿಮೆ ನೋಡದೆ ಪರೀಕ್ಷಿಸಿ ರೋಗಿಯನ್ನು ಸ್ಥಿರಗೊಳಿಸಲೇಬೇಕು. ಬಿಲ್ ಆಮೇಲೆ ಬರುತ್ತದೆ, ಆದರೆ ಬಿಲ್ಲಿನ ಹೆದರಿಕೆಗೆ ಮಗು ಆಂಬುಲೆನ್ಸ್ ಬೇಡ ಎನ್ನುವಂತಾಗಬಾರದು. ಇದನ್ನು ಮಗುವಿಗೆ ಬಾಯಿಬಿಟ್ಟೇ ಹೇಳಿ.

ಗೆಳೆಯರು ಕೊಟ್ಟ ಮಾತ್ರೆಯನ್ನು, ತಲೆನೋವಿನದ್ದೇ ಆಗಲಿ, ಓದಲು ಚುರುಕು ಕೊಡುವುದೆಂದೇ ಆಗಲಿ, ಬಾಯಿಗೆ ಹಾಕಬಾರದು. ಫಾರ್ಮಸಿಯದ್ದರಂತೆಯೇ ಕಾಣುವ ನಕಲಿ ಮಾತ್ರೆಗಳಲ್ಲಿ ಫೆಂಟನಿಲ್ ಎಂಬ ಬಹಳ ತೀಕ್ಷ್ಣ ಮಾದಕ ಮದ್ದು ಬೆರೆತಿರಬಹುದು; 2 ಮಿಲಿಗ್ರಾಂನಷ್ಟೇ ಪ್ರಾಣ ತೆಗೆಯಬಹುದು. ಮದ್ಯಕ್ಕೆ ಇಲ್ಲಿ ವಯಸ್ಸು 21. ಜೊತೆಯವರು ಕುಡಿದು ಎಚ್ಚರ ತಪ್ಪಿದರೆ ಒಂದು ಮಗ್ಗುಲಾಗಿ ಮಲಗಿಸಿ 911ಕ್ಕೆ ಕರೆ ಮಾಡಲಿ. ಬೈಗುಳದ ಹೆದರಿಕೆಗೆ ಬಾಗಿಲು ಮುಚ್ಚಿ ಕೂರುವುದರಿಂದಲೇ ಜೀವ ಹೋಗುವುದು.

ದೊಡ್ಡವರಿಗೆ ಇಲ್ಲ ಎನ್ನುವುದು

ಕಲಿಸುವವರು ಗುರುಗಳು, ಎದುರಾಡಬಾರದು ಎಂಬ ಪಾಠಕ್ಕೆ ಇಲ್ಲಿ ಒಂದು ಮಾತು ಸೇರಿಸಲೇಬೇಕು. ಸಿಬ್ಬಂದಿಯೇ ಆಗಲಿ, ಹಿರಿಯ ವಿದ್ಯಾರ್ಥಿಯೇ ಆಗಲಿ, ಒಬ್ಬಳನ್ನೇ ಕೋಣೆಗೆ ಕರೆದರೆ, ರಾತ್ರಿ ಖಾಸಗಿಯಾಗಿ ಮೆಸೇಜ್ ಮಾಡಿದರೆ, ಮೈಮುಟ್ಟಿದರೆ, "ಮನೆಯಲ್ಲಿ ಹೇಳಬೇಡ" ಎಂದರೆ, ಅಲ್ಲಿಂದ ಎದ್ದು ಬಂದು ಇನ್ನೊಬ್ಬ ದೊಡ್ಡವರಿಗೆ ಹೇಳಬೇಕು. ಗಂಡುಮಕ್ಕಳಿಗೂ ಇದೇ ಮಾತು. ಮಕ್ಕಳ ಮೇಲಿನ ದೌರ್ಜನ್ಯದ ಅನುಮಾನ ಬಂದರೆ ವರದಿ ಮಾಡಲೇಬೇಕಾದ ಕಾನೂನಿನ ಹೊಣೆ ಶಿಕ್ಷಕರಂಥವರ ಮೇಲಿದೆ; ಹಾಗಾಗಿ ಗುಟ್ಟಾಗಿಡುತ್ತೇನೆಂಬ ಮಾತು ಅವರು ಕೊಡಲಾರರು, ಅದು ಮಗುವಿನ ಒಳ್ಳೆಯದಕ್ಕೇ. ಮನೆಮರ್ಯಾದೆ ಎಂದು ಮುಚ್ಚಿಡುವ ಮಾತು ದಯವಿಟ್ಟು ತಂದೆತಾಯಿಯ ಬಾಯಲ್ಲಿ ಬರದಿರಲಿ. "ಏನೇ ಆಗಿರಲಿ, ಫೋನ್ ಮಾಡು, ಬೈಯುವುದಿಲ್ಲ" ಎಂದು ಹೊರಡುವ ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಊರಿನ ಅಜ್ಜ ಅಜ್ಜಿಗೂ ಒಂದು ವಿಷಯ ತಿಳಿಸಬೇಕು. "ನಿಮ್ಮ ಮೊಮ್ಮಗ ಪೊಲೀಸರ ಕೈಯಲ್ಲಿದ್ದಾನೆ, ಹಣ ಕಳಿಸಿ" ಎಂಬ ಮೋಸದ ಕರೆಗಳು ಹಿರಿಯರನ್ನೇ ಹುಡುಕಿಕೊಂಡು ಬರುತ್ತವೆ, ಹಿಂದೆ ಅಳುವ ಧ್ವನಿಯನ್ನೂ ಕೇಳಿಸುತ್ತಾರೆ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪದವನ್ನು ಗೊತ್ತುಮಾಡಿಕೊಳ್ಳಿ. ಊರಿನ ಗದ್ದೆಯ ಹೆಸರಿನಂಥದ್ದಾದರೆ ಫೇಸ್‌ಬುಕ್ಕಿನಲ್ಲಿ ಸಿಗಲಾರದು. ಆ ಪದ ಹೇಳದವರಿಗೆ ಹಣವೂ ಇಲ್ಲ, ಮಾತೂ ಇಲ್ಲ. ಬೇಸಗೆಯಲ್ಲಿ ನ್ಯೂಯಾರ್ಕಿನ ರಾತ್ರಿ 9 ಅಂದರೆ ಉಡುಪಿಯ ಬೆಳಗ್ಗೆ 6.30, ದಿನವೂ ಅದೇ ಹೊತ್ತಿಗೆ ಮಗು ಊರಿಗೊಂದು ಮೆಸೇಜ್ ಹಾಕಿದರೆ ಅಜ್ಜಿಗೂ ನಿಶ್ಚಿಂತೆ.

ಕರೆದುಕೊಂಡು ಬರುವ ದಿನ ಮಗುವನ್ನು ಒಪ್ಪಿಸುವುದು ಪಟ್ಟಿಯಲ್ಲಿ ಹೆಸರಿದ್ದು, ಫೋಟೋ ಇರುವ ಗುರುತಿನ ಚೀಟಿ ತೋರಿಸಿದವರಿಗೆ ಮಾತ್ರ. ಚಿಕ್ಕಪ್ಪನನ್ನೋ ಪಕ್ಕದ ಮನೆಯ ಅಂಕಲನ್ನೋ ಕಳಿಸುವುದಾದರೆ ಅವರ ಹೆಸರನ್ನು ಮುಂಚೆಯೇ ಬರೆಸಿ. ಚೀಟಿಯಲ್ಲಿ ಹೇಗಿದೆಯೋ ಹಾಗೆಯೇ ಬರೆಸಬೇಕು, ಮನೆಯಲ್ಲಿ ಕರೆಯುವ ಹೆಸರು ಆಗುವುದಿಲ್ಲ.