ನಾಟಕ ನೋಡಿ ವಿಮರ್ಶೆ ಬರೆಯುವವರಿಗೆ ಒಂದಿಷ್ಟು ಸಲಹೆ

ನಾಟಕದ ವಿಮರ್ಶೆಯಲ್ಲಿ ಕಥೆ ಹೇಳುವುದಕ್ಕೇ ಅರ್ಧ ಜಾಗ ಹೋಗಿಬಿಡುತ್ತದೆ. ಅದನ್ನು ಎರಡು ಸಾಲಿಗೆ ಇಳಿಸಿ. ಉದಾಹರಣೆಗೆ, ಗಿರೀಶ ಕಾರ್ನಾಡರ ‘ತುಘಲಕ್’ 1964ರ ನಾಟಕ. ಕಥೆ ಬಹಳ ಜನಕ್ಕೆ ಗೊತ್ತು. ಓದುವವರಿಗೆ ಬೇಕಾಗಿರುವುದು ನೀವು ನೋಡಿದ ತಂಡ ಅದನ್ನು ಹೇಗೆ ಆಡಿತು ಎಂಬುದು.

ಅದಕ್ಕೆ ಒಂದೇ ದೃಶ್ಯ ಹಿಡಿದು ವಿವರವಾಗಿ ಬರೆಯಿರಿ. ಸುಲ್ತಾನ ಚದುರಂಗದ ಮುಂದೆ ಕೂತಿರುವಾಗ ಮಲತಾಯಿ ಬರುತ್ತಾಳಲ್ಲ, ಅಲ್ಲಿ ನಟ ತಲೆ ಎತ್ತಿ ನೋಡಿದರಾ? ಮಾತಿನ ನಡುವೆ ಎಷ್ಟು ಹೊತ್ತು ಸುಮ್ಮನಿದ್ದರು? ಬೆಳಕು ಯಾರ ಮೇಲಿತ್ತು? ‘ಅಭಿನಯ ಸೊಗಸಾಗಿತ್ತು’ ಅಂತ ಸುಮ್ನೆ ಬರೆದರೆ ನಟರಿಗೂ ಉಪಯೋಗವಿಲ್ಲ, ಓದುವವರಿಗೂ ಇಲ್ಲ.

ಕೊರತೆ ಕಂಡರೆ ಖಂಡಿತ ಬರೆಯಿರಿ. ಆದರೆ ಎಲ್ಲಿ, ಯಾಕೆ ಎಂದು ಹೇಳಿ. ‘ನಾಟಕ ಎಳೆದಂತಿತ್ತು’ ಎಂದರೆ ಸಾಲದು. ‘ದೃಶ್ಯ ಬದಲಾದಾಗಲೆಲ್ಲ ರಂಗ ಕತ್ತಲಾಗಿ ಓಟ ನಿಂತುಹೋಗುತ್ತಿತ್ತು’ ಎಂದರೆ ನಿರ್ದೇಶಕರು ಮುಂದಿನ ಪ್ರದರ್ಶನಕ್ಕೇ ಸರಿಮಾಡಬಹುದು. ನಟರ ಮೈಬಣ್ಣ, ದಪ್ಪ, ಕುಳ್ಳು ಇಂಥ ಮಾತು ಬೇಡವೇ ಬೇಡ.

ಯಾವ ಊರು, ಯಾವ ಜಾಗ ಎಂದೂ ಬರೆಯಿರಿ. ಹೆಗ್ಗೋಡಿನ ನೀನಾಸಂ ತಿರುಗಾಟದಂಥ ನಾಟಕ ತಂಡ ಊರೂರು ಸುತ್ತುತ್ತದೆ. ಪ್ರತಿ ಊರಿನ ರಂಗವೂ ಬೇರೆ. ಹಿಂದಿನ ಸಾಲಿಗೆ ಮಾತು ಕೇಳಿಸದಿದ್ದರೆ ಅದು ನಟರ ದನಿಯ ಕೊರತೆಯೋ, ಜಾಗದ್ದೋ, ನೋಡಿ ಬರೆಯಬೇಕು ಅಲ್ವಾ?

ಟಿಪ್ಪಣಿ ಅದೇ ರಾತ್ರಿ ಮಾಡಿಕೊಳ್ಳಿ. ನಾಟಕ ನಡೆಯುವಾಗ ಮಾತ್ರ ಮೊಬೈಲ್ ತೆಗೆಯಬೇಡಿ, ಆ ಬೆಳಕು ಪಕ್ಕದವರಿಗೂ ನಟರಿಗೂ ತೊಂದರೆ.